ಹಾರ್ಡ್ ಡಿಸ್ಕಿನ ಪಾಲು

ಜಕ್ಕಪ್ಪ ಸತ್ತ ಮರುವರ್ಷ ಅವನ ಮಕ್ಕಳಿಬ್ಬರೂ ಬೇರೆಯಾದರು. ಕಾಗವಾಡದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವನು ನಡೆಸುತ್ತಿದ್ದ ಫೋಟೋ ಸ್ಟುಡಿಯೋಗೆ ನಡುವೆ ಪ್ಲೈವುಡ್ಡಿನ ಗೋಡೆ ಬಂತು. ವಿಡಿಯೋ ಕ್ಯಾಮೆರಾ ಹಿರಿಯ ಮಗ ಸಂಗ್ರಾಮನಿಗೆ, ಫೋಟೋ ಕ್ಯಾಮೆರಾ ಕಿರಿಯ ಮಗ ಬಸವಂತನಿಗೆ ಎಂದು ಹಿರಿಯರು ಕೂತು ಹಂಚಿದರು. ಹಿಂದಿನ ಮನೆಯಲ್ಲಿ ಒಲೆ ಎರಡಾದವು. ಲೈಟು, ಬಣ್ಣದ ಪರದೆ, ಕಡೆಗೆ ಗಿರಾಕಿಗಳು ಕೂಡುವ ಬೆಂಚು ಸಹ ಪಾಲಾದವು. ಪಾಲಾಗದೆ ಉಳಿದದ್ದು ಕಂಪ್ಯೂಟರ್ ಒಂದೇ. ಅದನ್ನು ನಡುವೆ ಕಡಿಯಲು ಬರುವಂತಿರಲಿಲ್ಲ. "ಮಧ್ಯಾಹ್ನದ ತನಕ ಸಣ್ಣಾವಂದು, ಊಟದ ಮ್ಯಾಲ ದೊಡ್ಡಾವಂದು," ಎಂದು ತೀರ್ಮಾನ ಕೊಟ್ಟು, ಚಹಾ ಕುಡಿದು ಹಿರಿಯರು ಎದ್ದು ಹೋದರು. ತಾವು ಹಚ್ಚಿಟ್ಟು ಹೋದ ಬೆಂಕಿ ಎಂಥದ್ದೆಂದು ಅವರಿಗೆ ಗೊತ್ತಿರಲಿಲ್ಲ.

ಬಸವಂತನಿಗೆ ಕ್ಯಾಮೆರಾ ಹಿಡಿಯಲು ಬರುತ್ತಿತ್ತೇ ಹೊರತು ಮೌಸ್ ಹಿಡಿಯಲು ಬರುತ್ತಿರಲಿಲ್ಲ. ಅಲ್ಬಮ್ ಕೂಡಿಸುವವಳು ಅವನ ಹೆಂಡತಿ ಉಜ್ವಲಾ. ಶೇಡಬಾಳದ ಹುಡುಗಿ, ಲಗ್ನಕ್ಕೆ ಮುಂಚೆ ದಿನವೂ ಬಸ್ಸು ಹತ್ತಿ ಮಿರಜಕ್ಕೆ ಹೋಗಿ ಡಿಟಿಪಿ ಕಲಿತವಳು. ಮಾವ ಜಕ್ಕಪ್ಪನೇ ಅವಳನ್ನು ಆ ಕುರ್ಚಿಯಲ್ಲಿ ಕೂಡಿಸಿ, "ಇನ್ನ ಕಂಪ್ಯೂಟರ್ ಕೆಲಸಾ ಉಜ್ವಲಾ ನೋಡ್ಕೋತಾಳ," ಎಂದು ಗಿರಾಕಿಗಳ ಎದುರಿಗೇ ಹೇಳಿದ್ದ. ಆ ಕುರ್ಚಿ ತನ್ನದೆಂದುಕೊಂಡಿದ್ದ ಸಂಗ್ರಾಮ ಆವತ್ತು ಮಾತು ನುಂಗಿದ. ನುಂಗಿದ್ದು ಜೀರ್ಣವಾಗಲಿಲ್ಲ. ಪಾಲಿನ ದಿನ ಹಿರಿಯರ ಮುಂದೆ, "ಹೊರಗಿನಾಕಿ ಬಂದು ನಮ್ಮಪ್ಪನ ಕುರ್ಚಿ ಮ್ಯಾಲ ಕುಂತಾಳ," ಎಂದು ಕಕ್ಕಿಯೇ ಬಿಟ್ಟ. ಬಾಗಿಲ ಹಿಂದೆ ನಿಂತಿದ್ದ ಉಜ್ವಲಾ ಆ 'ಹೊರಗಿನಾಕಿ' ಎಂಬ ಮಾತನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಅದನ್ನು ಬಿಚ್ಚಲಿಲ್ಲ.

ಆ ಮನೆಯಲ್ಲಿ ಸೊಸೆ ಭಾವನ ಜೊತೆ ನೇರ ಮಾತಾಡುವ ರೂಢಿ ಇರಲಿಲ್ಲ. ಸೆರಗು ಹೊತ್ತು ಪಕ್ಕಕ್ಕೆ ಸರಿಯಬೇಕು, ಏನಿದ್ದರೂ ಅತ್ತೆಗೆ ಹೇಳಬೇಕು. ಹೀಗಾಗಿ ಅವರಿಬ್ಬರ ಜಗಳವೂ ಅತ್ತೆ ತಾರವ್ವನ ಮೂಲಕವೇ ನಡೆಯುತ್ತಿತ್ತು. ಅವಳು ಮನೆಗೂ ಸ್ಟುಡಿಯೋಗೂ ನಡುವಿನ ಹೊಸ್ತಿಲಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತ ಕೂತಿರುತ್ತಿದ್ದಳು. ಅವಳ ಆಚೆ ಒಬ್ಬರು, ಈಚೆ ಒಬ್ಬರು.

ಎರಡು ಸಾವಿರದ ಹತ್ತನೇ ಇಸವಿಯ ಬೇಸಿಗೆಯ ಹೊತ್ತಿಗೆ ಕಂಪ್ಯೂಟರ್ ಕುಂಟತೊಡಗಿತ್ತು. ಗುಂಡಿ ಒತ್ತಿ ಒಳಗೆ ಹೋಗಿ ಹಾಲು ಕಾಯಿಸಿ ಬಂದರೂ ಪರದೆಯ ಮೇಲೆ ವಿಂಡೋಸ್‌ನ ಹಸಿರು ಗುಡ್ಡ ಕಾಣಿಸುತ್ತಿರಲಿಲ್ಲ. ಕಂಡ ಮೇಲೂ ಮರಳಿನ ಗಡಿಯಾರ ತಿರುಗಿದ್ದೇ ತಿರುಗಿದ್ದು. ಒಂದು ಫೋಟೋ ತೆರೆಯಲು ಒತ್ತಿದರೆ ಗಿರಾಕಿ ಆಕಳಿಸಿ, ಎದ್ದು ಹೊರಗೆ ಎಲೆ ಅಡಿಕೆ ಉಗುಳಿ ಬಂದು ಮತ್ತೆ ಕೂಡುತ್ತಿದ್ದ. ನಡುವೆ ಕರೆಂಟು ಹೋಗಿ, ಬ್ಯಾಟರಿ ಸತ್ತ ಯುಪಿಎಸ್ ಕುಂಯ್ ಎಂದು ಆರಿದರಂತೂ ಮಾಡಿದ್ದೆಲ್ಲ ನೀರಲ್ಲಿ ಹೋಮ.

"ಅವ್ವಾ," ಎಂದು ಸಂಗ್ರಾಮ ಪ್ಲೈವುಡ್ಡಿನ ಆಚೆಯಿಂದ ಕೂಗುತ್ತಿದ್ದ, "ಫೋಟೋ ತುಂಬಿ ತುಂಬಿ ಅದರ ಹೊಟ್ಟಿ ಒಡಿಯಾಕ ಬಂದೈತಿ ಅಂತ ಹೇಳ ಆಕಿಗೆ. ಒಂದೊಂದ ಲಗ್ನಕ್ಕ ಸಾವಿರ ಫೋಟೋ ಯಾಕ ಇಟ್ಕೊಂಡ ಕುಂದ್ರತಾಳಂತ?"

"ಅತ್ತೀ," ಎಂದು ಉಜ್ವಲಾ ಮೊರದ ಕಡೆ ನೋಡುತ್ತ ಅನ್ನುತ್ತಿದ್ದಳು, "ಫೋಟೋ ಡಿ ಡ್ರೈವ್‌ನ್ಯಾಗ ಅದಾವ್ರಿ. ವಿಂಡೋಸ್ ಇರೂದು ಸಿ ಡ್ರೈವ್‌ನ್ಯಾಗ. ಅಲ್ಲಿ ಡೆಸ್ಕ್‌ಟಾಪ್ ಮ್ಯಾಲ ಅಷ್ಟದ್ದ ದೊಡ್ಡ ವಿಡಿಯೋ ತಂದು ಸುರದು ಉಸರಾಡಾಕ ಜಾಗಾ ಇಲ್ದಂಗ ಮಾಡಿದವ್ರ ಯಾರು, ಕೇಳ್ರಿ."

ತಾರವ್ವ ಯಾವ ಮಾತನ್ನೂ ಯಾರಿಗೂ ದಾಟಿಸುತ್ತಿರಲಿಲ್ಲ. ದಾಟಿಸುವ ಅಗತ್ಯವೂ ಇರಲಿಲ್ಲ. ಇಬ್ಬರೂ ಕೈಯಳತೆಯಲ್ಲೇ ನಿಂತಿರುತ್ತಿದ್ದರು. ಆದರೆ ಹಿರಿಯ ಮಗ ಮಾತಾಡುವಾಗ ಅವಳ ಕೈ ಸುಮ್ಮನೆ ಜೋಳದಲ್ಲಿ ಆಡುತ್ತಿತ್ತು; ಸೊಸೆ ಮಾತಾಡಿದಾಗ ಮೊರ ಜೋರಾಗಿ ಸದ್ದು ಮಾಡುತ್ತಿತ್ತು.

ಉಜ್ವಲಾ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅದು ಸಾಲದೆಂದು ಸಂಗ್ರಾಮ, ವೇಗ ಹೆಚ್ಚುತ್ತದೆಂದು, ಮಿರಜದಿಂದ ಒಂದು ಸೀಡಿ ತಂದು ಏನೋ 'ಬೂಸ್ಟರ್' ಹಾಕಿದ್ದ. ಅದು ಕಂಪ್ಯೂಟರ್ ಚಾಲೂ ಆದ ಕೂಡಲೇ ಎದ್ದು, ಕೆಂಪು ಪಟ್ಟಿ ತೋರಿಸಿ, ನೂರಾರು ತಪ್ಪುಗಳಿವೆ, ಸರಿಮಾಡಲೇ ಎಂದು ಕೇಳುತ್ತಿತ್ತು. ಅವನು ಹೂಂ ಎಂದು ಒತ್ತುತ್ತಿದ್ದ. ಅದು ಇನ್ನೊಂದು ಪ್ರೋಗ್ರಾಮನ್ನು ಕರೆದು ತರುತ್ತಿತ್ತು. ಆಂಟಿವೈರಸ್ ಎರಡಿದ್ದವು; ಒಂದು ಅವನದು, ಒಂದು ಅವಳದು. ಎರಡೂ ಒಂದರ ಮೇಲೊಂದು ಕಣ್ಣಿಟ್ಟು ಒಂದೇ ಫೈಲನ್ನು ಜಗ್ಗಾಡುತ್ತಿದ್ದವು. ಗಿರಾಕಿಗಳು ತಂದ ಪೆನ್ ಡ್ರೈವುಗಳಿಂದ ಬಂದ ವೈರಸ್ಸು ಫೋಲ್ಡರಿನೊಳಗೆ ಅದೇ ಹೆಸರಿನ ಫೋಲ್ಡರ್ ಹಡೆಯುತ್ತಿತ್ತು.

ಒಂದು ದಿನ ಉಜ್ವಲಾ ಅತ್ತೆಯ ಮುಂದೆ ಕೂತು ನಿಧಾನಕ್ಕೆ ಹೇಳಿದಳು. "ಮೊದಲ ಇಬ್ಬರದೂ ಎಲ್ಲಾ ಒಂದು ಹೊರಗಿನ ಡಿಸ್ಕಿಗೆ ಕಾಪಿ ಮಾಡಿ ಇಟ್ಕೊಳ್ಳೂಣ್ರಿ. ಆ ಮ್ಯಾಲ ಬ್ಯಾಡಾದ ಪ್ರೋಗ್ರಾಮ್ ತಗಿಯೂಣು. ಒಂದ ಆಂಟಿವೈರಸ್ ಇಡೂಣು. ಕಾಪಿ ಇಲ್ಲದ ಏನೂ ಮುಟ್ಟೂದು ಬ್ಯಾಡ್ರಿ. ಹೋದ್ರ ಹೊಳ್ಳಿ ಬರೂದಿಲ್ಲ."

ಪ್ಲೈವುಡ್ಡಿನ ಆಚೆಯಿಂದ ನಗೆ ಕೇಳಿಸಿತು. "ಹೊರಗಿನಾಕಿ ಹೊರಗಿನ ಡಿಸ್ಕ್ ಕೇಳಾಕತ್ತಾಳ, ಅವ್ವಾ. ಸಾಲಿ ಕಲಸಾಕ ಬಂದಾಳ ನನಗ. ಕಸಾ ಹೆಂಗ ತಗೀಬೇಕಂತ ನನಗ ಗೊತ್ತೈತಿ, ಹೇಳ."

ಅವನು ಕಸ ತೆಗೆದದ್ದು ಗೊತ್ತಾಗಿದ್ದು ವಾರದೊಳಗೆ.

ಉಜ್ವಲಾ ಬೆಳಿಗ್ಗೆ ಎಂದಿನಂತೆ ಗುಂಡಿ ಒತ್ತಿ, ಕಸ ಗುಡಿಸಿ, ದೇವರ ಫೋಟೋಕ್ಕೆ ಊದುಬತ್ತಿ ಹಚ್ಚಿ ಬಂದು ಕೂತಳು. ಶೇಡಬಾಳದ ಭರಮು ಎಂಬವನ ಮಗಳ ಲಗ್ನದ ಅಲ್ಬಮ್ ಅರ್ಧವಾಗಿತ್ತು. ಭರಮು ಅಂದರೆ ಸಾಧಾರಣ ಆಸಾಮಿಯಲ್ಲ. ದ್ರಾಕ್ಷಿ ತೋಟದ ಧಣಿ, ಮಾತಿಗೆ ಮುಂಚೆ ಕೈ ಎತ್ತುವವನು. ಡಿ ಡ್ರೈವ್ ತೆರೆದಳು. 'ಶೇಡಬಾಳ ಭರಮು' ಎಂಬ ಫೋಲ್ಡರ್ ಇರಲಿಲ್ಲ. ಅದರ ಹಿಂದಿನ ಲಗ್ನದ್ದೂ ಇರಲಿಲ್ಲ. ರಿಸೈಕಲ್ ಬಿನ್ ತೆರೆದಳು. ತೊಳೆದಿಟ್ಟ ಗಂಗಾಳದಂತೆ ಖಾಲಿ.

ಕ್ಯಾಮೆರಾದ ಕಾರ್ಡಿನಲ್ಲಿ ಉಳಿದಿರಬಹುದೇ ಎಂದರೆ ಅದರ ಮೇಲೆ ಬಸವಂತ ಆಗಲೇ ಉಗಾರದ ಶಾಲೆಯೊಂದರ ಗ್ರೂಪ್ ಫೋಟೋ ಹೊಡೆದು ತಂದಿದ್ದ. ಇನ್ನು ಆ ಲಗ್ನ ಜಗತ್ತಿನಲ್ಲಿ ಎಲ್ಲಿಯಾದರೂ ಇದ್ದರೆ ಈ ಡಬ್ಬಿಯೊಳಗಿನ ಡಿಸ್ಕಿನಲ್ಲಿ ಮಾತ್ರ. ಅಳಿಸಿದ್ದು ತಕ್ಷಣ ಹೋಗಿರುವುದಿಲ್ಲ, ಅದರ ಮೇಲೆ ಹೊಸದು ಬಂದು ಕೂಡುವವರೆಗೆ ಅಲ್ಲೇ ಬಿದ್ದಿರುತ್ತದೆ ಎಂದು ಮಿರಜದಲ್ಲಿ ಕಲಿಸಿದವರು ಹೇಳಿದ್ದು ಅವಳಿಗೆ ನೆನಪಿತ್ತು. ಮರಳಿನ ಗಡಿಯಾರ ಇನ್ನೂ ತಿರುಗುತ್ತಿತ್ತು. ಅಷ್ಟೆಲ್ಲ ಅಳಿಸಿದರೂ ಕಂಪ್ಯೂಟರ್ ಕೂದಲೆಳೆಯಷ್ಟೂ ಚುರುಕಾಗಿರಲಿಲ್ಲ. ಅವಳು ಬಗ್ಗಿ ಗೋಡೆಯ ಪ್ಲಗ್ಗನ್ನು ಕಿತ್ತಳು. ಪರದೆ ಕಪ್ಪಾಯಿತು. ಕುರ್ಚಿಯನ್ನು ಕಂಪ್ಯೂಟರಿಗೆ ಅಡ್ಡ ಎಳೆದುಕೊಂಡು, ಪ್ಲಗ್ಗನ್ನು ಕೈಯಲ್ಲಿ ಹಿಡಿದು ಕೂತಳು.

ಊಟದ ಹೊತ್ತಿಗೆ ಸಂಗ್ರಾಮ ಬಂದ. ಅವನ ಪಾಳಿ. ಕೈಯಲ್ಲಿ ಹೊಸ ಕ್ಯಾಸೆಟ್ಟುಗಳು. ಐನಾಪುರದ ಲಗ್ನವನ್ನು ಈಗ ಖಾಲಿಯಾದ ಡಿ ಡ್ರೈವಿಗೆ ಇಳಿಸಬೇಕಿತ್ತು. ಅದೆಲ್ಲ ಬಂದು ಅಳಿಸಿದ ಜಾಗದ ಮೇಲೇ ಕೂಡುತ್ತದೆ.

"ಅವ್ವಾ, ಏಳಂತ ಹೇಳ ಆಕಿಗೆ."

"ಇವತ್ತ ಇದು ಚಾಲೂ ಆಗೂದಿಲ್ರಿ," ಎಂದಳು ಉಜ್ವಲಾ.

ಅತ್ತೆಗಲ್ಲ. ಅವನಿಗೆ. ಸೆರಗು ತಲೆಯಿಂದ ಜಾರಿತ್ತು, ಎಳೆದುಕೊಳ್ಳಲಿಲ್ಲ. ತಾರವ್ವನ ಮೊರ ನಿಂತಿತು. ಬೆಂಚಿನ ಮೇಲೆ ಕ್ಯಾಮೆರಾ ಒರೆಸುತ್ತಿದ್ದ ಬಸವಂತ ಒರೆಸುವುದನ್ನು ಬಿಟ್ಟ.

"ಯಾರ ಮುಂದ ಮಾತಾಡಾಕತ್ತಿ, ಗೊತ್ತೈತಿ?"

"ಗೊತ್ತೈತ್ರಿ. ಭರಮು ಕಾಕಾನ ಮಗಳ ಲಗ್ನಾ ಅಳಿಸಿದವ್ರ ಮುಂದ."

"ಹಳೇ ಕಸಾ ತಗದೀನಿ. ಸ್ಪೀಡ್ ಆಗಲಿ ಅಂತ."

"ಅದರ ಮ್ಯಾಲ ಕಸಾ ಅಂತ ಹೆಸರ ಬರದಿತ್ತೇನ್ರಿ? ಶೇಡಬಾಳ ಭರಮು ಅಂತ ಬರದಿತ್ತು. ನಿಮಗ ಓದಾಕ ಬರತೈತಿ."

ಸಂಗ್ರಾಮ ತಮ್ಮನ ಕಡೆ ತಿರುಗಿದ. "ಏ ಬಸ್ಯಾ, ನಿನ್ನ ಹೆಂಡ್ತಿ ಬಾಯಿಗೆ ಬೀಗಾ ಹಾಕ್ತೀಯೋ, ನಾ ಹಾಕಲ್ಯೋ?"

ಬಸವಂತ ನೆಲ ನೋಡಿದ. ಲಗ್ನವಾದಾಗಿನಿಂದ ಉಜ್ವಲಾ ನೋಡಿದ್ದು ಇದನ್ನೇ. ಅಣ್ಣನ ದನಿ ಏರಿದರೆ ಅವನ ಕಣ್ಣು ನೆಲಕ್ಕೆ ಬೀಳುತ್ತಿತ್ತು. ಆ ಹೊತ್ತಿಗೆ ಅವಳಿಗೆ ಭಾವನಿಗಿಂತ ಗಂಡನ ಮೇಲೆಯೇ ಹೆಚ್ಚು ಸಿಟ್ಟು ಬಂತು. ಅವಳು ಎದ್ದು, ಡಬ್ಬಿಯ ಹಿಂದಿನ ವೈರುಗಳನ್ನು ಒಂದೊಂದಾಗಿ ಕಿತ್ತು, ಒಳಗಿಂದ ಒಂದು ಚಾದರ ತಂದು ಸಿಪಿಯು ಡಬ್ಬಿಯನ್ನು ಹಸುಗೂಸಿನಂತೆ ಸುತ್ತಿದಳು.

"ಅದು ನಮ್ಮಪ್ಪಂದು. ಹೊಸ್ತಿಲಾ ದಾಟಿಸಿದಿ ಅಂದ್ರ ಕೈ ಮುರಿದೀನು."

"ಮುರೀರಿ. ಭರಮು ಕಾಕಾ ಬಂದಾಗ ಮುರದ ಕೈನ ತೋರಸ್ತೀನಿ, ಯಾಕ ಮುರದ್ರಿ ಅಂತನೂ ಹೇಳ್ತೀನಿ."

ತಾರವ್ವ ಹೊಸ್ತಿಲಲ್ಲಿ ಎದ್ದು ನಿಂತಳು. "ಇದನ್ನ ಹೊತಗೊಂಡ ಹೋದಿ ಅಂದ್ರ ತಿರಗಿ ಬಂದು ನನ್ನ ಕೈಯಾಗಿನ ನೀರ ಕುಡೀಬ್ಯಾಡ."

"ಕುಡ್ಯಾಂಗಿಲ್ರಿ," ಎಂದಳು ಉಜ್ವಲಾ.

ಹೊರಗೆ ಗಾಡಿಯ ಕಿಕ್ ಹೊಡೆದ ಸದ್ದು ಕೇಳಿತು. ಬಸವಂತ ಯಾವಾಗ ಎದ್ದು ಹೋಗಿದ್ದನೋ, ಮೋಟರ್ ಸೈಕಲ್ ಚಾಲೂ ಮಾಡಿ, ಹಿಂದೆ ನೋಡದೆ, ಹೆಂಡತಿ ಏರಲಿ ಎಂದು ಕಾಯುತ್ತಿದ್ದ. ಅವನ ಕೈಲಾದದ್ದು ಅಷ್ಟೇ. ಅವಳು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತಳು. ಓಣಿಯ ಜನ ಬಾಗಿಲಿಗೆ ಬಂದು ನೋಡಿದರು. ಗಾಡಿ ಮ್ಹೈಸಾಳ ದಾಟಿ ಮಿರಜದ ದಾರಿ ಹಿಡಿಯಿತು.

ಮಿರಜದ ಸ್ಟೇಶನ್ ಹತ್ತಿರ ಒಂದು ಮಾಳಿಗೆಯ ಮೇಲೆ ಸಮಾಧಾನ ಎಂಬವನ ಅಂಗಡಿ. ನಿಪ್ಪಾಣಿ ಕಡೆಯವನು, ಮರಾಠಿಯಲ್ಲಿ ಎಣಿಸುತ್ತ ಕನ್ನಡದಲ್ಲಿ ಮಾತಾಡುತ್ತಿದ್ದ. ಕಂಪ್ಯೂಟರ್ ರಿಪೇರಿಯ ಕೋರ್ಸು ಮುಗಿಸಿ, ಆಸ್ಪತ್ರೆಗಳ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದ. ಚಾದರ ಬಿಚ್ಚಿ, ಡಬ್ಬಿಯ ಮುಚ್ಚಳ ತೆಗೆದಾಗ ಒಳಗೆ ಫ್ಯಾನಿನ ರೆಕ್ಕೆ ಕಾಣದಷ್ಟು ಧೂಳು. ಅವನು ಮೊದಲು ಡಿಸ್ಕನ್ನು ಬಿಚ್ಚಿ ತನ್ನ ಕಂಪ್ಯೂಟರಿಗೆ ಎರಡನೆಯದಾಗಿ ಹಚ್ಚಿ, ಕಿವಿ ಹತ್ತಿರ ತಂದು ಕೇಳಿದ.

ಟಕ್. ಸ್ವಲ್ಪ ಹೊತ್ತು ಬಿಟ್ಟು, ಟಕ್ ಟಕ್.

"ವಹಿನಿ," ಎಂದು ಮರಾಠಿಯಲ್ಲಿ ಅತ್ತಿಗೆಯನ್ನು ಕರೆಯುವಂತೆ ಕರೆದ, "ಇದು ಸ್ಲೋ ಆಗಿದ್ದು ಫೋಟೋ ತುಂಬಿದ್ದಕ್ಕ ಅಲ್ಲ, ವಿಡಿಯೋ ತುಂಬಿದ್ದಕ್ಕ ಅಲ್ಲ. ಡಿಸ್ಕ್ ಸಾಯಾಕ ಬಂದೈತಿ. ಒಳಗ ಅಲ್ಲಲ್ಲಿ ಜಾಗಾ ಕೆಟ್ಟಾವ. ಅಲ್ಲಿ ಬಂದ ಕೂಡ್ಲೆ ಓದಾಕ ಆಗವಲ್ದು, ಹೊಳ್ಳಿ ಹೊಳ್ಳಿ ಓದಾಕ ಹೋಗತೈತಿ. ಅದಕ್ಕ ತಡಾ."

"ಯಾರ ಕೆಡಿಸಿದ್ರು?" ಎಂದು ಬಾಯಿಬಿಟ್ಟಳು ಉಜ್ವಲಾ. ಒಂದು ಹೆಸರು ಬೇಕಾಗಿತ್ತು ಅವಳಿಗೆ.

"ಯಾರೂ ಕೆಡಿಸಿಲ್ರಿ. ವಯಸ್ಸಾಗೈತಿ. ಕರೆಂಟ್ ಹೋಗಿ ಬಂದು ಮಾಡೂದರಾಗ ಇನ್ನಷ್ಟ ಸೊರಗೈತಿ. ನೀವು ಏನ ಅಳಿಸಿದ್ರೂ, ಎಂಥಾ ಬೂಸ್ಟರ್ ಹಾಕಿದ್ರೂ ಇದು ಓಡತಿರಲಿಲ್ಲ."

ವರ್ಷವಿಡೀ ಮೊರದ ಆಚೆ ಈಚೆ ನಿಂತು ಕಾರಿಕೊಂಡಿದ್ದೆಲ್ಲ ಸುಳ್ಳು ಜಗಳವಾಗಿತ್ತು. ಅದನ್ನು ಕೇಳಿ ಅವಳಿಗೆ ಹಗುರವಾಗಲಿಲ್ಲ. ಕೈಯಲ್ಲಿದ್ದ ಕಲ್ಲನ್ನು ಯಾರೋ ಕಸಿದುಕೊಂಡಂತಾಯಿತು.

"ಇನ್ನ ಎಷ್ಟ ಹೊತ್ತ ತಡೀತೈತೋ ಹೇಳಾಕ ಬರೂದಿಲ್ಲ," ಎಂದ ಸಮಾಧಾನ. "ಇದರ ಮ್ಯಾಲ ಏನೂ ಬರಿಯೂದಿಲ್ಲ ನಾ. ಇದ್ದದ್ದು ಹಂಗ ಬ್ಯಾರೆ ಡಿಸ್ಕಿಗೆ ಎತ್ತಿ, ಅಳಿಸಿದ್ದನ್ನ ಆ ಕಾಪಿಯಾಗ ಹುಡಕತೀನಿ. ಮೊದಲ ಯಾವ ಭಾಗ ಎತ್ತಲಿ?"

"ಡಿ ಡ್ರೈವ್. ನಮ್ಮ ಫೋಟೋ."

ಕೆಲಸ ಸಾವಕಾಶ ಸಾಗಿತು. ಡಿಸ್ಕಿನ ಮೇಲೆ ಫ್ಯಾನು ತಿರುಗಿಸಿಟ್ಟ. ಬಸವಂತ ಕೆಳಗೆ ಹೋಗಿ ಚಹಾ ತಂದ, ಮತ್ತೆ ಹೋಗಿ ಮತ್ತೆ ತಂದ. ಮುಸ್ಸಂಜೆಯ ಹೊತ್ತಿಗೆ ಪರದೆಯ ಮೇಲೆ ಹೆಸರಿಲ್ಲದ ಫೋಟೋಗಳು ಸಾಲುಸಾಲಾಗಿ ಏಳತೊಡಗಿದವು. ಅರಿಶಿನ ಹಚ್ಚಿದ ಮುಖಗಳು, ಚಪ್ಪರ, ಭರಮುವಿನ ಮೀಸೆ. ಅನೇಕವು ಪೂರಾ ಇದ್ದವು. ಕೆಲವು ಅರ್ಧಕ್ಕೇ ನಿಂತು ಕೆಳಗೆ ಬೂದಿ ಬಣ್ಣವಾಗಿದ್ದವು. ಅಕ್ಷತೆಯ ಅಕ್ಕಿಕಾಳು ಹಾಕುವ ಗಳಿಗೆಯವು ಒಂದೂ ಉಳಿದಿರಲಿಲ್ಲ; ಎಲ್ಲದರಲ್ಲೂ ಮದುಮಕ್ಕಳ ಹಣೆಯ ಕೆಳಗೆ ಬೂದಿ.

"ಇನ್ನೊಂದ ಭಾಗ ಉಳದೈತಿ," ಎಂದ ಸಮಾಧಾನ. "ವಿಡಿಯೋ ಕಾಣತಾವ. ಸಂಗ್ರಾಮ ಅಂತ ಹೆಸರೈತಿ. ಎತ್ತಲ್ಯೋ, ಬಿಡಲ್ಯೋ?"

ಡಿಸ್ಕಿನ ಟಕ್ ಟಕ್ ಈಗ ಹತ್ತಿರ ಹತ್ತಿರವಾಗಿತ್ತು. ಬಿಡ್ರಿ ಎನ್ನುವ ಮಾತು ಉಜ್ವಲಾಳ ನಾಲಗೆಯ ತುದಿಗೆ ಬಂದು ನಿಂತಿತು. ಭಾವನ ಅರ್ಧಂಬರ್ಧ ಮಿಕ್ಸಿಂಗ್ ಕೆಲಸವೆಲ್ಲ ಅದರಲ್ಲಿತ್ತು. ಅವನೂ ಇಳಿಸಿಯಾದ ಕ್ಯಾಸೆಟ್ಟಿನ ಮೇಲೆಯೇ ಮುಂದಿನ ಲಗ್ನ ತುಂಬಿಕೊಳ್ಳುವವನೇ. ಇದು ಹೋದರೆ ಎಲ್ಲವೂ ಹೋದಂತೆ. ಹೋಗಲಿ. ಗಿರಾಕಿಗಳ ಮುಂದೆ ನಿಂತು ಬಾಯಿ ಒಣಗಿಸಿಕೊಳ್ಳಲಿ. ತನಗಾದದ್ದು ಅವನಿಗೂ ಆಗಲಿ. ಹಾಗೆ ಯೋಚಿಸುತ್ತಿದ್ದಂತೆ ಅವಳಿಗೆ ಹಿತವಾಯಿತು; ಹಿತವಾಗುತ್ತಿದೆ ಎಂದು ಗೊತ್ತಾಗಿಯೂ ಯೋಚಿಸಿದಳು.

ಆಮೇಲೆ ಹೊಳೆಯಿತು. ಇದು ಇಲ್ಲಿ ಸತ್ತರೆ ಅವನು ಊರೆಲ್ಲ ಹೇಳಿಕೊಂಡು ಬರುತ್ತಾನೆ: ಆಕೆಯೇ ಹೊತ್ತೊಯ್ದಳು, ಆಕೆಯೇ ಕೆಡಿಸಿದಳು. ಅಳಿಸಿದವನ ತಪ್ಪು ಅದರಲ್ಲಿ ಮುಚ್ಚಿಹೋಗುತ್ತದೆ. ಸತ್ತ ಡಿಸ್ಕಿನಿಂದ ಅವನಿಗೆ ಕಾರಣ ಸಿಗುತ್ತದೆ. ಜೀವಂತ ಡಿಸ್ಕು ತನ್ನ ಕೈಯಲ್ಲಿದ್ದರೆ ಅವನು ತನ್ನ ಮುಂದೆ ಬಂದು ನಿಲ್ಲಬೇಕಾಗುತ್ತದೆ.

"ಎತ್ರಿ," ಎಂದಳು. "ಅದನ್ನ ಬ್ಯಾರೆ ಡಿಸ್ಕಿಗೆ ಹಾಕಿ ಕೊಡ್ರಿ."

ಬಸವಂತ ಅವಳ ಮುಖ ನೋಡಿದ. ದೊಡ್ಡ ಮನಸ್ಸು ಎಂದುಕೊಂಡನೇನೋ. ಅವಳು ತಿದ್ದಲು ಹೋಗಲಿಲ್ಲ.

ಮರುದಿನ ಮತ್ತೆ ಹೋಗಿ ತಂದರು. ಸಮಾಧಾನ ಹೊಸ ಡಿಸ್ಕ್ ಕೂಡಿಸಿ, ಧೂಳು ಊದಿ, ವಿಂಡೋಸನ್ನು ಹೊಸದಾಗಿ ಹಾಕಿ, ಮೆಮರಿ ಹೆಚ್ಚಿಸಿ ಕೊಟ್ಟಿದ್ದ. ಆಂಟಿವೈರಸ್ ಒಂದೇ. ಚಾಲೂ ಆಗುವಾಗ ತಾನಾಗಿ ಏಳುವ ಪ್ರೋಗ್ರಾಮುಗಳೆಲ್ಲ ಬಂದ್. "ಸಿ ಡ್ರೈವ್‌ನ್ಯಾಗ ನಿಮ್ಮ ಕೆಲಸಾ ಇಡಬ್ಯಾಡ್ರಿ, ವಹಿನಿ. ಪೆನ್ ಡ್ರೈವ್ ತಂದ್ರ ಮೊದಲ ಸ್ಕ್ಯಾನ್ ಮಾಡ್ರಿ. ಇನ್ನ ಯಾರರ ಸ್ಪೀಡ್ ಮಾಡ್ತೀನಿ ಅಂತ ಸೀಡಿ ತಂದ್ರ ಬಾಗಲ ಹಾಕ್ರಿ," ಎಂದು ಹೇಳಿ ಕಳಿಸಿದ.

ಸ್ಟುಡಿಯೋದಲ್ಲಿ ಹಚ್ಚಿದರೆ, ಅವಳು ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ ಹಸಿರು ಗುಡ್ಡ ಬಂದು ನಿಂತಿತು. ಫೋಟೋ ಒತ್ತಿದರೆ ತೆರೆಯಿತು. ಮಧ್ಯಾಹ್ನದ ಪಾಳಿಗೆ ಬಂದ ಸಂಗ್ರಾಮನೂ ಅದನ್ನು ನೋಡಿದ. ಕೂತ. ಅಲ್ಲಿ ಇಲ್ಲಿ ಒತ್ತಿ ನೋಡಿದ. ಅವನ ವಿಡಿಯೋ ಒಂದೂ ಇರಲಿಲ್ಲ.

"ಅವ್ವಾ, ನಂದು ಎಲ್ಲಿ ಐತಿ, ಕೇಳ."

"ನನ್ನ ಟ್ರಂಕಿನ್ಯಾಗ ಐತ್ರಿ," ಎಂದಳು ಉಜ್ವಲಾ, ಅವನ ಕಡೆಯೇ ನೋಡುತ್ತ. "ಹೊಸಾ ಡಿಸ್ಕಿನ್ಯಾಗ, ಎಲ್ಲಾ ಸುದ್ದ ಐತಿ. ಕೇಳಿದ್ರ ಕೊಡ್ತೀನಿ. ನನ್ನ ಕೇಳಬೇಕು. ಅತ್ತೀನ್ನಲ್ಲ."

ಸಂಗ್ರಾಮ ಎದ್ದು ಹೋದ. ಕುರ್ಚಿ ಹಿಂದಕ್ಕೆ ಬಿತ್ತು.

ಅದಾದ ಮೇಲೆ ಆ ಮನೆಯಲ್ಲಿ ಗಾಳಿ ಸಹ ಕೇಳಿಕೊಂಡು ಓಡಾಡುವಂತಾಯಿತು. ತಾರವ್ವ ಕಿರಿಯ ಮಗನ ಒಲೆಯ ಊಟ ಬಿಟ್ಟಳು. ಓಣಿಯ ಹೆಂಗಸರ ಮುಂದೆ ಕೂತು, "ನನ್ನ ಹಿರೇ ಮಗನ ಹೊಟ್ಟಿ ಅನ್ನಾ ಕಸಗೊಂಡು ಟ್ರಂಕಿನ್ಯಾಗ ಇಟ್ಟಾಳ," ಎಂದು ಉಜ್ವಲಾಳಿಗೆ ಕೇಳುವಂತೆ ಹೇಳುತ್ತಿದ್ದಳು. ಸಂಗ್ರಾಮನ ಗಿರಾಕಿಗಳು ಬಂದು ಕೂಗಾಡಿ ಹೋಗುತ್ತಿದ್ದರು. ಅವನು ಇವತ್ತು ನಾಳೆ ಎಂದು ಸಾಗಹಾಕುತ್ತಿದ್ದ, ಟ್ರಂಕಿನ ಕಡೆ ತಿರುಗಿ ನೋಡುತ್ತಿರಲಿಲ್ಲ.

ಒಂದು ಮಧ್ಯಾಹ್ನ ಸಂಗ್ರಾಮನ ಹೆಂಡತಿ ಸಪನಾ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದ ಉಜ್ವಲಾಳ ಹತ್ತಿರ ಬಂದು ಕೂತಳು. ಇವರಿಬ್ಬರ ನಡುವೆ ಎಂದೂ ಕೆಟ್ಟ ಮಾತು ಬಂದಿರಲಿಲ್ಲ.

"ತಂಗೀ, ಅವ್ರು ರಾತ್ರಿ ನಿದ್ದಿ ಮಾಡವಲ್ರು. ನನ್ನ ಮಾರಿ ನೋಡಿ ಕೊಟ್ಟ ಬಿಡವಾ."

"ಅಕ್ಕಾ, ನೀವು ಕೇಳಬ್ಯಾಡ್ರಿ. ನೀವು ಕೇಳಿದ್ರ ನನಗ ಇಲ್ಲ ಅನ್ನಬೇಕಾಗತೈತಿ."

"ಅವ್ರು ಕೇಳಾವ್ರಲ್ಲ. ನಿನಗೂ ಗೊತ್ತೈತಿ."

"ಹಂಗಾದ್ರ ನಾನೂ ಕೊಡಾಕಿ ಅಲ್ಲ."

ಸಪನಾ ಎದ್ದಳು. ಅಂದಿನಿಂದ ಅವಳೂ ಮಾತು ಬಿಟ್ಟಳು. ಉಜ್ವಲಾ ಒಗೆದ ಬಟ್ಟೆಯನ್ನೇ ಮತ್ತೆ ಒಗೆದಳು. ಈ ಜಿದ್ದಿಗೆ ತಾನು ಕೊಡುತ್ತಿರುವುದು ಏನೆಂದು ಅವಳಿಗೆ ತಿಳಿಯದೆ ಇರಲಿಲ್ಲ. ತಿಳಿದೂ ಹಿಂದೆಗೆಯಲು ಮನಸ್ಸಾಗಲಿಲ್ಲ.

ಇತ್ತ ಭರಮುವಿನ ಅಲ್ಬಮ್ಮಿನಲ್ಲಿ ಹಾಳೆಗಳೆಲ್ಲ ಕೂಡಿದವು, ಅಕ್ಕಿಕಾಳಿನ ಹಾಳೆಯೊಂದು ಬಿಟ್ಟು. ಲಗ್ನದ ಅಲ್ಬಮ್ಮಿನಲ್ಲಿ ಅಕ್ಕಿಕಾಳೇ ಇಲ್ಲವೆಂದರೆ ಭರಮು ಸ್ಟುಡಿಯೋದ ಗಾಜು ಉಳಿಸುವವನಲ್ಲ. ದಾರಿ ಒಂದಿತ್ತು, ಅದು ಉಜ್ವಲಾಳಿಗೆ ಮೊದಲಿನಿಂದಲೂ ಗೊತ್ತಿತ್ತು. ಆ ಲಗ್ನಕ್ಕೆ ಅಣ್ಣ ತಮ್ಮ ಇಬ್ಬರೂ ಹೋಗಿದ್ದರು. ಅಕ್ಕಿಕಾಳು ಬೀಳುವಾಗ ಸಂಗ್ರಾಮ ಕುರ್ಚಿಯ ಮೇಲೆ ನಿಂತು, ಜನರ ತಲೆಯ ಮೇಲಿಂದ ವಿಡಿಯೋ ತೆಗೆದಿದ್ದ. ಅದು ಟ್ರಂಕಿನಲ್ಲಿತ್ತು.

ಮೂರು ದಿನ ಬೇಡವೆಂದು ತಡೆದಳು. ಕಡೆಗೆ ಒಂದು ಬೆಳಿಗ್ಗೆ ಬಾಗಿಲು ಓರೆ ಮಾಡಿ, ಟ್ರಂಕಿನಿಂದ ಡಿಸ್ಕ್ ತೆಗೆದು ಹಚ್ಚಿ, ವಿಡಿಯೋ ತೆರೆದಳು. ಭಾವನ ಕೈ ನಡುಗದ ಕೈ. ಅಷ್ಟು ನೂಕುನುಗ್ಗಲಿನಲ್ಲೂ ಮದುಮಗಳ ಮುಖ ಚೌಕಟ್ಟಿನ ನಡುವೆಯೇ ಇತ್ತು, ಕಾಳುಗಳು ಹಾರುತ್ತಿದ್ದವು. ಇಷ್ಟು ಚಂದ ತೆಗೆಯುವವನು ಎಂದು ಒಪ್ಪಿಕೊಳ್ಳಬೇಕಾಗಿ ಬಂದದ್ದಕ್ಕೆ ಅವಳಿಗೆ ಅವನ ಮೇಲೆ ಇನ್ನಷ್ಟು ಸಿಟ್ಟು ಬಂತು. ಒಂದು ಗಳಿಗೆಯನ್ನು ನಿಲ್ಲಿಸಿ, ಅದರ ಚಿತ್ರ ಎತ್ತಿಕೊಂಡು, ಬೆಳಕು ತಿದ್ದಿ ಹಾಳೆಗೆ ಕೂಡಿಸಿದಳು. ಕೇಳಿಯೇ ತೆಗೆದುಕೊಳ್ಳಬೇಕು ಎಂದು ಪಟ್ಟು ಹಿಡಿದವಳು ಕೇಳದೆ ತೆಗೆದುಕೊಂಡಿದ್ದಳು.

ಅಲ್ಬಮ್ ತಯಾರಾಗಿ ಬಂದ ದಿನ ಭರಮು ಬಂದ. ಚಪ್ಪಲಿ ಬಿಡದೆ ಒಳಗೆ ಬಂದು ಬೆಂಚಿನ ಮೇಲೆ ಕೂತ. ಅವನ ದನಿ ಕೇಳಿ ಸಂಗ್ರಾಮನೂ ಆಚೆಯಿಂದ ಬಂದು ಪ್ಲೈವುಡ್ಡಿನ ಅಂಚಿಗೆ ನಿಂತ. ವಿಡಿಯೋ ಸೀಡಿಗೂ ಅದೇ ಗಿರಾಕಿ.

"ಲಗ್ನಾಗಿ ಮಗಳ ಬಸರಾದ್ಲು, ನಿಮ್ಮ ಅಲ್ಬಮ್ ಬರಲಿಲ್ಲ," ಎನ್ನುತ್ತ ಭರಮು ಹಾಳೆ ತಿರುವಿದ. ಹಾಳೆ ತಿರುವುವಾಗಲೂ ಹೊಡೆದಂತೆಯೇ ತಿರುವುತ್ತಿದ್ದ. ಅಕ್ಕಿಕಾಳಿನ ಹಾಳೆಗೆ ಬಂದು ನಿಂತ. "ಇದ್ಯಾಕ ಮಸುಕ ಐತಿ?"

ಉಜ್ವಲಾ ಉತ್ತರ ಕೊಡುವ ಮೊದಲೇ ಸಂಗ್ರಾಮ ಕತ್ತು ಚಾಚಿ ನೋಡಿದ್ದ. ತನ್ನ ಕೈಯ ಕೆಲಸ ಯಾರಿಗೆ ಗುರುತು ಸಿಗುವುದಿಲ್ಲ?

"ಅದು ನಂದು," ಎಂದ.

ಉಜ್ವಲಾ ತಲೆ ಎತ್ತಿದಳು. "ಹೌದ್ರಿ. ನಿಮ್ಮದ."

ಭರಮು ಇಬ್ಬರನ್ನೂ ನೋಡಿದ. "ಏನ್ ನಡದೈತಿಲೇ ನಿಮ್ಮದು?"

ಸಂಗ್ರಾಮ ಒಂದು ಮಾತು ಅಂದರೆ ಸಾಕಿತ್ತು: ಈಕೆ ಕಳ್ಳಿ, ನನ್ನ ವಿಡಿಯೋದಿಂದ ಕದ್ದಾಳ. ಉಜ್ವಲಾ ಒಂದು ಮಾತು ಅಂದರೆ ಸಾಕಿತ್ತು: ನಿಮ್ಮ ಮಗಳ ಲಗ್ನಾ ಅಳಿಸಿದವ್ರು ಇವ್ರ. ಎರಡು ಮಾತೂ ಇಬ್ಬರ ಬಾಯಲ್ಲೂ ಸಿದ್ಧವಾಗಿದ್ದವು. ಯಾರೂ ಆಡಲಿಲ್ಲ. ಗಿರಾಕಿಯ ಮುಂದೆ ಮನೆಯ ಕೊಳೆ ಒಗೆಯಬಾರದು ಎಂಬ ಒಂದು ಬುದ್ಧಿಯನ್ನಾದರೂ ಜಕ್ಕಪ್ಪ ಇಬ್ಬರಿಗೂ ಕಲಿಸಿದ್ದ.

"ಏನಿಲ್ಲ, ಕಾಕಾ," ಎಂದಳು ಉಜ್ವಲಾ. "ಮಂದಿ ಭಾಳ ಇತ್ತು. ಈ ಫೋಟೋ ವಿಡಿಯೋದಾಗಿಂದ ತಗದೀವಿ. ಅದಕ್ಕ ಸೊಲ್ಪ ಮಸುಕ."

"ಹಂಗಾದ್ರ ಸೀಡಿ ಎಲ್ಲೈತಿ?" ಎಂದು ಭರಮು ಸಂಗ್ರಾಮನ ಕಡೆ ಹೊರಳಿದ. "ಫೋಟೋ ತಗ್ಯಾಕ ವಿಡಿಯೋ ಐತಿ, ನನಗ ಕೊಡಾಕ ಇಲ್ಲ?"

"ನಾಡದ ಕೊಡ್ತೀನ್ರಿ."

"ನಾಡದ ಇಲ್ಲಾಂದ್ರ ನಾ ಬರೂದಿಲ್ಲ. ನನ್ನ ಆಳ ಬರ್ತಾರ." ಅಲ್ಬಮ್ಮನ್ನು ಬಗಲಲ್ಲಿ ಇರುಕಿಕೊಂಡು ಹೊರಟುಹೋದ.

ಅವನ ಗಾಡಿಯ ಸದ್ದು ಓಣಿಯ ತಿರುವಿನಲ್ಲಿ ಅಡಗಿತು. ಸಂಗ್ರಾಮ ಅಲ್ಲೇ ನಿಂತಿದ್ದ. ಹೊಸ್ತಿಲಲ್ಲಿ ತಾರವ್ವ ಇರಲಿಲ್ಲ. ಇದ್ದಿದ್ದರೂ ಅವನು ಅವಳ ಕಡೆ ನೋಡುತ್ತಿದ್ದನೋ ಇಲ್ಲವೋ.

"ನನ್ನ ಡಿಸ್ಕ್ ಕೊಡ," ಎಂದ.

ಉಜ್ವಲಾ ಈ ಗಳಿಗೆಯನ್ನು ಎಷ್ಟೋ ಸಲ ಮನಸ್ಸಿನಲ್ಲಿ ನಡೆಸಿ ನೋಡಿದ್ದಳು. ಅದರಲ್ಲಿ ಅವನ ದನಿ ಇಳಿದಿರುತ್ತಿತ್ತು, ಕಣ್ಣು ನೆಲದ ಮೇಲಿರುತ್ತಿತ್ತು. ಇದು ಕೇಳಿದ್ದಲ್ಲ, ವಸೂಲಿ ಮಾಡಿದ್ದು. ಆದರೂ ಅವಳು ಒಳಗೆ ಹೋಗಿ ತಂದು, ಅವನ ಕೈಗೆ ಕೊಡದೆ ಮೇಜಿನ ಮೇಲಿಟ್ಟಳು. ಅವನು ಎತ್ತಿಕೊಂಡ. ಹೋಗಲು ತಿರುಗಿದವನು ನಿಂತ.

"ನೋಡಲಾರದ ಅಳಿಸಿದ್ದಲ್ಲ ಅದನ್ನ," ಎಂದ. "ಹೆಸರ ಓದೇ ಅಳಿಸಿದ್ದೆ."

"ನನಗ ಅವತ್ತ ಗೊತ್ತಿತ್ರಿ," ಎಂದಳು. "ನಾನೂ ನಿಮ್ಮದನ್ನ ಮಿರಜದಾಗ ಸಾಯಾಕ ಬಿಟ್ಟ ಬರೂದಂತ ಮಾಡಿದ್ದೆ. ನೀವು ತಪ್ಪ ನನ್ನ ಮ್ಯಾಲ ಹಾಕ್ತೀರಿ ಅಂತ ತಂದೆ. ಮರುಕಕ್ಕಲ್ಲ."

ಅವನು ತಲೆಯಾಡಿಸಿದ. ಒಬ್ಬರನ್ನೊಬ್ಬರು ಅಷ್ಟು ಸರಿಯಾಗಿ ಅವರು ಅಲ್ಲಿಯವರೆಗೆ ಅರ್ಥ ಮಾಡಿಕೊಂಡಿರಲಿಲ್ಲ. ಅರ್ಥವಾದ ಮಾತ್ರಕ್ಕೆ ಹಗೆ ಕರಗಬೇಕೆಂದೇನಿಲ್ಲ; ಇನ್ನು ಸುತ್ತು ಬಳಸಿ ಆಡುವ ಅಗತ್ಯ ಇಲ್ಲ ಎಂಬಷ್ಟು ಆಯಿತು.

ಮಳೆಗಾಲಕ್ಕೆ ಮುಂಚೆ ಸಂಗ್ರಾಮ ಶೇಡಬಾಳ ರಸ್ತೆಗೆ ತನ್ನದೇ ಅಂಗಡಿ ಹಾಕಿ, ತನ್ನದೇ ಕಂಪ್ಯೂಟರ್ ತಂದ. ತಾರವ್ವ ತನ್ನ ಮೊರ, ಬೀಸುವ ಕಲ್ಲು, ಹಾಸಿಗೆ ಎಲ್ಲ ಎತ್ತಿಸಿಕೊಂಡು ಅವನ ಹಿಂದೆ ಹೋದಳು. ಗಾಡಿ ಹತ್ತುವಾಗ ಸಣ್ಣ ಸೊಸೆಯ ಕಡೆ ನೋಡಲಿಲ್ಲ. ಸಪನಾ ನೋಡಿದಳು. ಬಸವಂತ ಪ್ಲೈವುಡ್ಡಿನ ಗೋಡೆ ಕಿತ್ತು ಹಾಕಿದ. ಸ್ಟುಡಿಯೋ ಇಷ್ಟು ದೊಡ್ಡದಿತ್ತೇ ಎಂದು ಉಜ್ವಲಾ ಬೆರಗಾದಳು. ಕೆಲವು ದಿನ ಅಲ್ಲಿ ಒಬ್ಬಳೇ ಕೂತಿರಲು ಅವಳಿಗೆ ಆಗುತ್ತಿರಲಿಲ್ಲ.

ಆಮೇಲಿನ ಲಗ್ನದ ಹಂಗಾಮುಗಳಲ್ಲಿ ಅಥಣಿ, ರಾಯಬಾಗ, ಚಿಕ್ಕೋಡಿ ಎಂದು ಎಲ್ಲೆಲ್ಲೋ ಒಂದೇ ಚಪ್ಪರದಲ್ಲಿ ಅವರು ಎದುರಾಗುತ್ತಿದ್ದರು. ಹೆಣ್ಣಿನ ಕಡೆಯವರು ಫೋಟೋ ಇವರಿಗೆ ಹೇಳಿದರೆ, ಗಂಡಿನ ಕಡೆಯವರು ವಿಡಿಯೋ ಅವನಿಗೆ ಹೇಳಿರುತ್ತಿದ್ದರು. ಈಗ ಉಜ್ವಲಾಳೂ ಕ್ಯಾಮೆರಾ ಹಿಡಿದು ಹೋಗುತ್ತಿದ್ದಳು. ಅಕ್ಕಿಕಾಳು ಬೀಳುವ ಹೊತ್ತಿಗೆ ಸಂಗ್ರಾಮ ಕುರ್ಚಿಯ ಮೇಲೆ ನಿಂತು, ಸಾವಿರ ಜನರ ನಡುವಿನಿಂದ ಅವಳಿಗೆ ನೇರವಾಗಿ ಕೂಗುತ್ತಿದ್ದ:

"ಏ, ಅಡ್ಡ ಬರಬ್ಯಾಡ. ಸರಿ ಅತ್ಲಾಗ!"

"ನಾ ಯಾಕ ಸರೀಲ್ರಿ? ನೀವ ಸರೀರಿ!" ಎಂದು ಅವಳು ಅಲ್ಲಿಂದಲೇ ಕೂಗಿ, ಕಾಲೂರಿ ನಿಂತು ತನ್ನ ಫೋಟೋ ತೆಗೆಯುತ್ತಿದ್ದಳು.